ಜೇನುಪೆಟ್ಟಿಗೆಯ ಮುಚ್ಚಳ

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಒಬ್ಬರ ಕಥೆ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.

ನಲವತ್ತು ದಾಟಿದ ಮಹಿಳೆ. ಬಂದು ಕೂತವರೇ ಬ್ಯಾಗಿನಿಂದ ಹಳೇ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಜೇನು ಸಾಕುವವರಿಗಾಗಿ ಬರೆದ ಕೈಪಿಡಿ. "ನಗಬೇಡಿ ಮೇಡಂ. ಇದನ್ನ ಓದು ಅಂತ ದೇವರೇ ಹೇಳಿದ ಹಾಗಾಯ್ತು" ಅಂದರು. ನಗಲಿಲ್ಲ. ಆದರೆ ಇಂಥ ಅನುಭವ ಹೇಳುವವರ ಕೈಯಲ್ಲಿ ಸಾಮಾನ್ಯವಾಗಿ ಧರ್ಮಗ್ರಂಥ ಇರುತ್ತದೆ. ಜೇನಿನ ಪುಸ್ತಕ ಹಿಡಿದು ಬಂದವರು ಇವರೇ ಮೊದಲು.

ತಾಯಿ ತೀರಿಕೊಂಡು ಏಳು ತಿಂಗಳಾಗಿತ್ತು. ಕಾಯಿಲೆಯ ದಿನಗಳಲ್ಲಿ ಯಾರು ಎಷ್ಟು ನೋಡಿಕೊಂಡರು ಎಂಬ ವಿಷಯಕ್ಕೆ ತಮ್ಮನ ಜೊತೆ ಜಗಳವಾಗಿ ಮಾತು ನಿಂತಿತ್ತು. ಈಗ ತಮ್ಮ "ಒಮ್ಮೆ ಕೂತು ಮಾತಾಡೋಣ" ಎಂದು ಮೆಸೇಜ್ ಕಳಿಸಿದ್ದ. ಏನು ಮಾಡಲಿ ಎಂದು ಇವರು ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿಕೊಂಡರು. ತಾಯಿಯ ಸಾಮಾನಿನ ಜೊತೆ ಬಂದ ಪುಸ್ತಕಗಳ ಕಡೆ ಮನಸ್ಸು ಎಳೆಯಿತಂತೆ. ಕೈಗೆ ಸಿಕ್ಕಿದ್ದು ಇದು. ತೆರೆದ ಪುಟದಲ್ಲಿ ಪೆನ್ಸಿಲ್ ಗೆರೆ ಎಳೆದ ಒಂದು ಸಾಲು: ಚಳಿ ಇರುವಾಗ ಪೆಟ್ಟಿಗೆಯ ಮುಚ್ಚಳ ತೆಗೆಯಬೇಡಿ.

ಅಲ್ಲೇ ಕೂತು ಅತ್ತರಂತೆ. ಆಮೇಲೆ ತಮ್ಮನಿಗೆ "ಇನ್ನು ನನ್ನನ್ನ ಸಂಪರ್ಕಿಸಬೇಡ" ಎಂದು ಮೆಸೇಜ್ ಬರೆದಿಟ್ಟರು. ಕಳಿಸಿರಲಿಲ್ಲ. ಗಂಡ ಇದೆಲ್ಲ ಕಾಕತಾಳೀಯ ಅಂದರು. ಗೆಳತಿ, ದೇವರ ಅಪ್ಪಣೆ ಮೀರಬೇಡ ಅಂದಳು. ನನ್ನ ಹತ್ತಿರ ಕೇಳಿದ್ದು ಎರಡು ಪ್ರಶ್ನೆ. ನನಗೆ ತಲೆ ಕೆಟ್ಟಿದೆಯಾ? ಇದು ನಿಜವಾಗಿ ದೇವರದ್ದೇನಾ?

ಮೊದಲನೆಯದಕ್ಕೆ ಸರಿಯಾಗಿ ವಿಚಾರಿಸಿಯೇ ಉತ್ತರ ಕೊಡಬೇಕಿತ್ತು. ನಿದ್ದೆ ಹೇಗಿದೆ, ಧ್ವನಿಗಳು ಕೇಳುತ್ತವೆಯೇ, ಟಿವಿ, ಪೇಪರು, ದಾರಿಯ ಬೋರ್ಡುಗಳೆಲ್ಲ ತಮಗೇ ಏನೋ ಹೇಳುತ್ತಿವೆ ಅನ್ನಿಸುತ್ತದೆಯೇ ಎಂದು ಕೇಳಿದೆ. ಅಂಥದ್ದೇನಿದ್ದರೂ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇಲ್ಲ, ಇದೊಂದೇ ಸಲ. ದುಃಖದಲ್ಲಿ ಇಂಥದ್ದು ಅಪರೂಪವಲ್ಲ. ವೇಲ್ಸ್‌ನ ವೈದ್ಯ ಡೆವಿ ರೀಸ್ 1971ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿದ್ದರು. ಹೆಚ್ಚುಕಡಿಮೆ ಅರ್ಧದಷ್ಟು ಜನ, ಹೋದವರು ಹತ್ತಿರದಲ್ಲೇ ಇದ್ದ ಹಾಗೋ, ಕಂಡ ಹಾಗೋ, ಅವರ ಧ್ವನಿ ಕೇಳಿದ ಹಾಗೋ ಅನ್ನಿಸಿದೆ ಎಂದರು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿಯೇ ಇರಲಿಲ್ಲ. ಇದನ್ನು ಕೇಳಿ ಅವರ ಭುಜ ಸ್ವಲ್ಪ ಇಳಿಯಿತು.

ಎರಡನೆಯದಕ್ಕೆ ಉತ್ತರಿಸುವುದು ನನ್ನ ಕೆಲಸ ಅಲ್ಲ. ಹಾಗಂತ ಹೇಳಿದೆ. ಹೇಳಿ, ಮುಂದೆ ಕ್ರೈಸ್ತ ಸಂತನಾದ ಇಗ್ನೇಷಿಯಸ್ ಲೊಯೋಲಾನ ಕಥೆ ತೆಗೆದೆ. 1521ರ ಯುದ್ಧದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದುಕೊಂಡ ಸೈನಿಕ. ಹಾಸಿಗೆಯಲ್ಲಿ ಹೊತ್ತು ಕಳೆಯಲು ಶೂರರ ಸಾಹಸದ ಕಥೆಪುಸ್ತಕ ಕೊಡಿ ಎಂದು ಕೇಳಿದ. ಮನೆಯಲ್ಲಿ ಇದ್ದದ್ದು ಕ್ರಿಸ್ತನ ಮತ್ತು ಸಂತರ ಬದುಕಿನ ಪುಸ್ತಕ. ಬೇರೆ ದಾರಿಯಿಲ್ಲದೆ ಅದನ್ನೇ ಓದಿದ. ಓದುತ್ತಾ ಒಂದು ಗಮನಿಸಿದ. ಶೌರ್ಯದ ಕನಸು ಕಾಣುವಾಗ ಖುಷಿ, ಮುಗಿದ ಮೇಲೆ ಮನಸ್ಸು ಬರಡು. ಸಂತರ ಹಾಗೆ ಬದುಕುವ ಯೋಚನೆ ಮುಗಿದ ಮೇಲೂ ಹಿತ ಉಳಿಯುತ್ತಿತ್ತು. ಮುಂದೆ ಅವನು ಹೇಳಿದ ಇನ್ನೊಂದು ಮಾತೂ ಇದೆ: ಮನಸ್ಸು ಕುಗ್ಗಿರುವಾಗ ಮೊದಲಿನ ನಿರ್ಧಾರ ಬದಲಿಸಬೇಡ. ನಾನು ಅವನ ಧರ್ಮದವಳಲ್ಲ. ಆದರೂ ಈ ಎರಡು ಮಾತನ್ನು ತುಂಬಾ ಸಲ ಬಳಸಿದ್ದೇನೆ.

"ಆ ಸಾಲು ಓದಿದಾಗ ಹೇಗನ್ನಿಸಿತು?"

"ಅಮ್ಮ ಪಕ್ಕ ಕೂತ ಹಾಗೆ."

"ಮೆಸೇಜ್ ಬರೆದ ಮೇಲೆ?"

ತುಂಬಾ ಹೊತ್ತು ಸುಮ್ಮನಿದ್ದರು. "ಎದೆ ಕಲ್ಲಾದ ಹಾಗೆ."

ಎರಡೂ ಒಂದೇ ಅಲ್ಲ, ಅಲ್ವಾ ಅಂದೆ. ಅಮ್ಮನ ಸಾಂತ್ವನ ಆ ಸಾಲಿನಿಂದ ಬಂತು. ತಮ್ಮನನ್ನು ದೂರ ಇಡು ಎಂಬ ತೀರ್ಮಾನ ಎಲ್ಲಿಂದ ಬಂತು, ನೀವೇ ನೋಡಿ.

ಆಮೇಲೆ ನಾನು ಕೊಟ್ಟ ಸಲಹೆ ಸಣ್ಣದು. ಒಂದು ತಿಂಗಳು ಆ ಮೆಸೇಜ್ ಕಳಿಸಬೇಡಿ, ಅಳಿಸಲೂ ಬೇಡಿ. ಮತ್ತೆ ಪುಸ್ತಕ ಬಿಡಿಸಿ ಸೂಚನೆ ಕೇಳಬೇಡಿ. ಬೇಕಾದ ಉತ್ತರ ಸಿಗುವ ತನಕ ಪುಟ ತಿರುವುವುದು ಸುಲಭ. ಬದಲಿಗೆ ಆ ಅಧ್ಯಾಯವನ್ನು ಪೂರ್ತಿ ಓದಿ. ಒಂದು ಸಾಲು ನಿಮಗೇ ಬಂದದ್ದಾದರೆ ಅದರ ಪಕ್ಕದ ಸಾಲುಗಳಿಗೂ ಹೆದರಬೇಕಿಲ್ಲ.

ಮುಂದಿನ ವಾರ ಅವರು ಬಂದದ್ದೇ ಓದಿ ಹೇಳಿದರು. ಚಳಿಯಲ್ಲಿ ಜೇನುಗಳು ಮುದ್ದೆಯಾಗಿ ಕೂತು ಬಿಸಿ ಉಳಿಸಿಕೊಳ್ಳುತ್ತವೆ, ಮುಚ್ಚಳ ತೆಗೆದರೆ ಆ ಬಿಸಿ ಹೋಗುತ್ತದೆ. ಅದಕ್ಕೇ ಬೇಡ ಅಂದದ್ದು. ಆದರೆ ಬಿಸಿಲು ಬಂದ ದಿನ ತೆಗೆದು ನೋಡಲೇಬೇಕು. ಕೂಡಿಟ್ಟ ಜೇನು ಚಳಿಗಾಲದ ಕೊನೆಗೆ ಖಾಲಿಯಾಗಿ ಇಡೀ ಕುಟುಂಬ ಹಸಿವಿನಿಂದ ಸಾಯಬಹುದು.

"ಯಾವತ್ತೂ ತೆಗೆಯಬೇಡ ಅಂತ ಇರಲೇ ಇಲ್ಲ ಮೇಡಂ. ನಾನೇ ಹಾಗೆ ಓದ್ಕೊಂಡೆ."

ಇದರಿಂದ ಎಲ್ಲ ಸರಿಹೋಯಿತು ಅಂತಲ್ಲ. ಸಿಟ್ಟು ಇನ್ನೂ ಇತ್ತು, ಅದಕ್ಕೆ ಕಾರಣವೂ ಇತ್ತು. ಮುಂದಿನ ಎರಡು ಭೇಟಿ ಪೂರ್ತಿ ಆಸ್ಪತ್ರೆಯ ರಾತ್ರಿಗಳ ಬಗ್ಗೆಯೇ ಮಾತಾಡಿದೆವು. ತಿಂಗಳ ಕೊನೆಗೆ ಅವರು ತಮ್ಮನಿಗೆ ಆ ಪುಟದ ಫೋಟೋ ಕಳಿಸಿದರು, ಒಂದಕ್ಷರ ಬರೆಯದೆ. ಉತ್ತರ ಬಂತು: "ಅದು ನನ್ನ ಪುಸ್ತಕ ಕಣೇ ಅಕ್ಕ. ಗೆರೆನೂ ನಂದೇ. ಅಮ್ಮ ಇನ್ನೂ ಇಟ್ಕೊಂಡಿದ್ಲಾ?"

ಫೋನನ್ನು ನನ್ನ ಮುಂದೆ ಹಿಡಿದು ಇದೂ ಸೂಚನೆನಾ ಎಂದು ಕೇಳಿದರು. ಮೊದಲು ಅವನು ಕೇಳಿದ್ದಕ್ಕೆ ಉತ್ತರ ಬರೆಯಿರಿ ಅಂದೆ.