ಖಾಸಗಿ ಶಾಲೆ ಹಣದ ತೊಂದರೆಯಲ್ಲಿದೆ ಅಂತ ಮೊದಲೇ ತಿಳಿಯುವುದು ಹೇಗೆ?

ಮೊದಲು ಶಿಕ್ಷಕರ ಕಡೆ ನೋಡಿ. ಸಂಬಳ ತಡವಾಗತೊಡಗಿದರೆ ಒಳ್ಳೆಯವರು ವರ್ಷದ ಮಧ್ಯದಲ್ಲೇ ಬಿಟ್ಟು ಹೋಗುತ್ತಾರೆ, ಅವರ ಜಾಗಕ್ಕೆ ಯಾರೂ ಬರುವುದಿಲ್ಲ, ಎರಡು ಸೆಕ್ಷನ್ ಸೇರಿಸಿ ಒಂದು ಮಾಡುತ್ತಾರೆ. ಕೆಳಗಿನ ತರಗತಿಗಳಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತಲೂ ಗಮನಿಸಿ. ಅಲ್ಲಿ ಸೇರುವವರು ಕಡಿಮೆಯಾದರೆ ಆ ಕೊರತೆ ವರ್ಷ ವರ್ಷವೂ ಮೇಲಿನ ತರಗತಿಗೆ ಏರುತ್ತಾ ಹೋಗುತ್ತದೆ, ಅಲ್ವಾ? ಇದ್ದಕ್ಕಿದ್ದಂತೆ "ಮುಂದಿನ ವರ್ಷದ ಫೀಸ್ ಈಗಲೇ ಕಟ್ಟಿ, ಜಾಸ್ತಿ ರಿಯಾಯಿತಿ ಕೊಡುತ್ತೇವೆ" ಅಂದರೆ ಹುಷಾರು, ಇವತ್ತಿನ ಖರ್ಚಿಗೇ ದುಡ್ಡಿಲ್ಲದಿರಬಹುದು.

ಒಂದೇ ಲಕ್ಷಣ ಕಂಡರೆ ಗಾಬರಿ ಬೇಡ. ಎರಡು ಮೂರು ಒಟ್ಟಿಗೆ ಕಂಡರೆ ಆಡಳಿತ ಮಂಡಳಿಯನ್ನು ನೇರವಾಗಿ ಕೇಳಿ: ಲೆಕ್ಕಪತ್ರ ಆಡಿಟ್ ಆಗಿದೆಯಾ, ಸಾಲ ಎಷ್ಟಿದೆ, ಶಾಲೆ ಮುಚ್ಚಿದರೆ ಕಟ್ಟಿದ ಫೀಸ್ ವಾಪಸ್ ಬರುತ್ತದೆಯಾ? ಸರಿಯಾದ ಉತ್ತರ ಸಿಗುವವರೆಗೆ ಇಡೀ ವರ್ಷದ ಫೀಸ್ ಒಮ್ಮೆಗೇ ಕಟ್ಟಬೇಡಿ.