ಗೋಬರ್ ಗ್ಯಾಸ್ ತೊಟ್ಟಿಗೆ ಹೋಟೆಲ್ ಮುಸುರೆ ಹಾಕಿದ ಮೇಲೆ ಗ್ಯಾಸ್ ಬರುತ್ತದೆ, ಒಲೆ ಹತ್ತುವುದಿಲ್ಲ. ಬ್ಯಾಕ್ಟೀರಿಯಾ ಪುಡಿ ಹಾಕಬೇಕೆ?

ಪುಡಿಗೆ ದುಡ್ಡು ಹಾಕಬೇಡಿ. 2 ಘನ ಮೀಟರಿನ ದೀನಬಂಧು (ಗುಮ್ಮಟದಾಕಾರದ, ಅಂದರೆ ಡೋಮಿನ ಗೋಬರ್ ಗ್ಯಾಸ್ ತೊಟ್ಟಿ), ಮೊದಲು ಬರೀ ಸಗಣಿ, ಈಗ ಮೂರು ವಾರದಿಂದ ದಿನಕ್ಕೆ 15 ಕೆಜಿ ಅನ್ನ, ಹಣ್ಣಿನ ಸಿಪ್ಪೆ, ಹೊರತೊಟ್ಟಿಯಲ್ಲಿ (ಬಗ್ಗಡ ಹೊರಬರುವ ಕಡೆ) ಹುಳಿ ವಾಸನೆ ಎಂದು ಬರೆದಿದ್ದೀರಿ. ತೊಟ್ಟಿ ಹುಳಿಯಾಗಿದೆ. ಬರುತ್ತಿರುವುದು ಬಹುಪಾಲು ಇಂಗಾಲದ ಡೈಆಕ್ಸೈಡ್, ಅದಕ್ಕೇ ಹತ್ತುತ್ತಿಲ್ಲ.

ಒಳಗಿರುವುದು ಒಂದೇ ಬಗೆಯ ಜೀವಾಣುವಲ್ಲ. ಕ್ಲಾಸ್ಟ್ರಿಡಿಯಂನಂಥವು ಪಿಷ್ಟ, ಸಕ್ಕರೆಗಳನ್ನು ಒಡೆದು ಆಮ್ಲ ಮಾಡುತ್ತವೆ. ಮೇವು ಸಿಕ್ಕರೆ ಕೆಲವೇ ಗಂಟೆಗಳಲ್ಲಿ ದುಪ್ಪಟ್ಟಾಗುತ್ತವೆ. ಕೊನೆಯಲ್ಲಿ ಮೀಥೇನ್ ಮಾಡುವವು ಬ್ಯಾಕ್ಟೀರಿಯಾವೇ ಅಲ್ಲ, ಆರ್ಕಿಯಾ. 1977ರಲ್ಲಿ ವಿಜ್ಞಾನಿಗಳಾದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಇವುಗಳದ್ದೇ ಬೇರೆ ವಂಶವೆಂದು ತೋರಿಸಿದರು. ಅಸಿಟಿಕ್ ಆಮ್ಲವನ್ನೇ ತಿಂದು ಬದುಕುವ ಮೆಥನೋತ್ರಿಕ್ಸ್ ಎಂಬ ಆರ್ಕಿಯಾ ದುಪ್ಪಟ್ಟಾಗಲು ದಿನಗಳೇ ಬೇಕು, ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 6.5ಕ್ಕಿಂತ ಕೆಳಗಿಳಿದರೆ ಕೆಲಸ ನಿಲ್ಲಿಸುತ್ತದೆ.

ಇವೆರಡರ ನಡುವಿನ ಗುಂಪು ಇನ್ನೂ ಸೂಕ್ಷ್ಮ. ಸಿಂಟ್ರೋಫೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಪ್ರೊಪಿಯಾನಿಕ್ ಆಮ್ಲವನ್ನು ಒಡೆದು ಅಸಿಟಿಕ್ ಆಮ್ಲ ಮತ್ತು ಹೈಡ್ರೋಜನ್ ಮಾಡುತ್ತದೆ. ಆದರೆ ಆ ಹೈಡ್ರೋಜನ್ನನ್ನು ಮಗ್ಗುಲಲ್ಲೇ ಕೂತ ಆರ್ಕಿಯಾ ಕೂಡಲೇ ತಿಂದುಹಾಕಿದರೆ ಮಾತ್ರ ಅದಕ್ಕೆ ಕೆಲಸ ಸಾಗುತ್ತದೆ. ಹೈಡ್ರೋಜನ್ ಸ್ವಲ್ಪ ಸೇರಿಕೊಂಡರೂ ನಿಂತುಬಿಡುತ್ತದೆ. ಇವು ಒಂದಕ್ಕೊಂದು ಅಂಟಿಕೊಂಡೇ ಬದುಕುವುದರಿಂದ ಬಗ್ಗಡವನ್ನು ಬಿಡದೆ ಜೋರಾಗಿ ಕಲಕುವುದೂ ಒಳ್ಳೆಯದಲ್ಲ. ಮೇಲೆ ಕಟ್ಟಿದ ಕೆನೆ ಒಡೆಯುವಷ್ಟು ಆಡಿಸಿದರೆ ಸಾಕು.

ಸಗಣಿಯಲ್ಲಿ ಸುಲಭವಾಗಿ ಕರಗುವುದನ್ನೆಲ್ಲ ಹಸು ಮೊದಲೇ ಜೀರ್ಣಿಸಿಕೊಂಡಿರುತ್ತದೆ, ಜೊತೆಗೆ ಹುಳಿ ತಡೆಯುವ ಕ್ಷಾರವೂ ಅದರಲ್ಲಿದೆ. ಅನ್ನಕ್ಕೆ ಎರಡೂ ಇಲ್ಲ.

ಈಗ ಮಾಡಬೇಕಾದ್ದು: ಮುಸುರೆ, ಸಗಣಿ ಎರಡನ್ನೂ ನಿಲ್ಲಿಸಿ. ಹೊರತೊಟ್ಟಿಯ ಬಗ್ಗಡವನ್ನು ಪಿಎಚ್ ಪಟ್ಟಿಯಲ್ಲಿ ನೋಡಿ. ನಿಮಗೆ ಬೇಕಾದ್ದು 6.8ರಿಂದ 7.4. ಕಡಿಮೆ ಇದ್ದರೆ 2 ಕೆಜಿ ಅಡುಗೆ ಸೋಡಾವನ್ನು ನೀರಲ್ಲಿ ಕರಗಿಸಿ ಒಳತೊಟ್ಟಿಗೆ (ಸಗಣಿ ಹಾಕುವ ಕಡೆ) ಹಾಕಿ, ಎರಡು ದಿನ ಬಿಟ್ಟು ಮತ್ತೆ ಅಳೆಯಿರಿ, ಬೇಕಾದರೆ ಇನ್ನೊಮ್ಮೆ ಹಾಕಿ. ಸುಣ್ಣ ಅಗ್ಗವೆಂದು ಮೊದಲು ಅದಕ್ಕೆ ಕೈ ಹಾಕಬೇಡಿ: ಹೆಚ್ಚಾದರೆ ಪಿಎಚ್ ಒಮ್ಮೆಲೇ ಮೇಲೇರುತ್ತದೆ, ತಳದಲ್ಲಿ ಗಸಿ ಕಟ್ಟುತ್ತದೆ. ಸೋಡಾ 8 ಕೆಜಿ ದಾಟಿದರೂ ಹುಳಿ ಇಳಿಯದಿದ್ದರೆ ಮೂರನೇ ಒಂದು ಭಾಗ ಬಗ್ಗಡ ಹೊರಗೆ ತೆಗೆದು ಹೊಸ ಸಗಣಿ ನೀರು ತುಂಬುವುದೇ ಲೇಸು. ತೆಗೆಯುವುದು ಹೊರಗಿನಿಂದಲೇ, ಯಾವ ಕಾರಣಕ್ಕೂ ಡೋಮಿನೊಳಗೆ ಯಾರನ್ನೂ ಇಳಿಸಬೇಡಿ, ವಿಷಗಾಳಿಗೆ ಜೀವ ಹೋಗುತ್ತದೆ.

ಹೆಪ್ಪು ಬೇಕೆಂದರೆ ಚೆನ್ನಾಗಿ ಉರಿಯುತ್ತಿರುವ ಅಕ್ಕಪಕ್ಕದವರ ತೊಟ್ಟಿಯಿಂದ 100-200 ಲೀಟರ್ ಬಗ್ಗಡ ತನ್ನಿ. ಪುಡಿಯ ಪೊಟ್ಟಣದಲ್ಲಿ ಸಾಮಾನ್ಯವಾಗಿ ಇರುವುದು ಕೊಳೆಸುವ ಬ್ಯಾಕ್ಟೀರಿಯಾ, ಅವು ನಿಮ್ಮಲ್ಲಿ ಈಗಲೇ ಜಾಸ್ತಿಯಾಗಿವೆ. ಮೀಥೇನ್ ಮಾಡುವವಕ್ಕೆ ಗಾಳಿ ತಾಗಿದರೇ ಕಷ್ಟ.

ಒಲೆಯಲ್ಲಿ ನೀಲಿ ಜ್ವಾಲೆ ಬಂದ ಮೇಲೆ ಒಂದು ವಾರ ಬರೀ ಸಗಣಿ ಹಾಕಿ, ಒಂದಕ್ಕೊಂದು ಪಾಲು ನೀರಿನಲ್ಲಿ ಕದಡಿ. ಹತ್ತುತ್ತದೆಯೇ ಎಂದು ಪೈಪಿನ ಬಾಯಲ್ಲಿ ಬೆಂಕಿಕಡ್ಡಿ ಗೀರಬೇಡಿ, ಒಲೆಯಲ್ಲೇ ನೋಡಿ. ನಂತರ ಮುಸುರೆ ದಿನಕ್ಕೆ 1 ಕೆಜಿಯಿಂದ ಶುರು, ವಾರಕ್ಕೆ 1 ಕೆಜಿ ಏರಿಸಿ, 5 ಕೆಜಿಗೆ ನಿಲ್ಲಿಸಿ. ಕೆಜಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್ ಬಂದರೆ ಕೆಜಿ ಅನ್ನ-ಪಲ್ಯಕ್ಕೆ ಅದರ ಎರಡು ಪಟ್ಟಿಗೂ ಮೇಲೆ ಬರುತ್ತದೆ, ಹಾಗಾಗಿ 5 ಕೆಜಿಯೇನೂ ಸಣ್ಣದಲ್ಲ. ರುಬ್ಬಿ ಹಾಕಿ, ಕದಡಲು ನೀರಿನ ಬದಲು ಹೊರತೊಟ್ಟಿಯ ಬಗ್ಗಡವನ್ನೇ ಅರ್ಧ ಬಳಸಿ: ಕ್ಷಾರವೂ ಜೀವಾಣುವೂ ಮರಳಿ ಒಳಗೆ ಹೋಗುತ್ತವೆ.

ನಿಂಬೆ, ಕಿತ್ತಳೆ ಸಿಪ್ಪೆ ಬೇಡ, ಅದರ ಎಣ್ಣೆ ಆರ್ಕಿಯಾಗೆ ಆಗದು. ಫಿನೈಲ್ ಸುರಿದು ತೊಳೆದ ಕೊಟ್ಟಿಗೆ ನೀರೂ ಬೇಡ. ಅಡಿಕೆ ಸಿಪ್ಪೆಯಲ್ಲಿ ಲಿಗ್ನಿನ್ (ಸಸ್ಯವನ್ನು ಗಟ್ಟಿಯಾಗಿಸುವ ಅಂಶ) ಜಾಸ್ತಿ, ಕರಗದೆ ಮೇಲೆ ತೇಲಿ ಕೆನೆಗಟ್ಟುತ್ತದೆ. ಕೋಳಿ ಗೊಬ್ಬರ ಹೆಚ್ಚಾದರೆ ಅಮೋನಿಯಾ ತೊಂದರೆ. ಚಳಿಗಾಲದಲ್ಲಿ ಬಗ್ಗಡ 20 ಡಿಗ್ರಿಗಿಂತ ತಣ್ಣಗಾದರೆ ಇವೆಲ್ಲ ಇನ್ನೂ ನಿಧಾನ. ಆಗ ಮುಸುರೆಯನ್ನು ಅರ್ಧಕ್ಕಿಳಿಸಿ, ಕದಡುವುದಕ್ಕೆ ಉಗುರುಬೆಚ್ಚಗಿನ ನೀರು ಬಳಸಿ.