ಫಾರ್ಮ್ಯಾಟ್ ಮಾಡಿಸುವ ಮುನ್ನ

ಪ್ರಶ್ನೆ: ನಮ್ಮ ಮನೆಯ ವಿಂಡೋಸ್ 10 ಕಂಪ್ಯೂಟರ್ ಈಚೆಗೆ ಬಹಳ ನಿಧಾನವಾಗಿದ್ದು, ಕೆಲವೊಮ್ಮೆ ಅರ್ಧಕ್ಕೇ ನಿಂತುಬಿಡುತ್ತದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕೆನ್ನುತ್ತಾರೆ, ಅಂದರೆ ಡ್ರೈವ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಬೇಕಂತೆ. ಸೋದರಳಿಯ ‘ಸಿಸ್ಟಮ್ ರಿಸ್ಟೋರ್’ ಸಾಕೆನ್ನುತ್ತಾನೆ. ನುಡಿ ತಂತ್ರಾಂಶದಲ್ಲಿ ವರ್ಷಗಟ್ಟಲೆ ಟೈಪ್ ಮಾಡಿದ ನನ್ನ ಲೇಖನಗಳನ್ನೂ ಮನೆಯ ಫೋಟೋಗಳನ್ನೂ ಡಿ ಡ್ರೈವ್‌ಗೆ ಹಾಕಿಟ್ಟಿದ್ದೇನೆ. ಅಷ್ಟು ಸಾಲದೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಸಾಲದು. ಸಾಮಾನ್ಯವಾಗಿ ಮನೆಯ ಕಂಪ್ಯೂಟರುಗಳಲ್ಲಿ ಸಿ ಮತ್ತು ಡಿ ಒಂದೇ ಹಾರ್ಡ್ ಡಿಸ್ಕಿನ ಎರಡು ಭಾಗಗಳಾಗಿರುವುದರಿಂದ, ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. ನಿಮ್ಮ ಕಂಪ್ಯೂಟರ್ ನಿಧಾನವಾಗಲು ಡಿಸ್ಕ್ ಸವೆದಿರುವುದೇ ಕಾರಣವಾಗಿರಬಹುದು. ಆದ್ದರಿಂದ ಯಾವ ದುರಸ್ತಿಗೂ ಮೊದಲು ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಒಳಗಿನಿಂದ ಟಕಟಕ ಸದ್ದು ಬರುತ್ತಿದ್ದರೆ ಪದೇಪದೇ ಆನ್ ಮಾಡಬೇಡಿ.

ನಿಮ್ಮ ಸೋದರಳಿಯ ಹೇಳಿದ ಸಿಸ್ಟಮ್ ರಿಸ್ಟೋರ್, ವಿಂಡೋಸಿನ ಸೆಟ್ಟಿಂಗ್, ಡ್ರೈವರ್ (ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ತಂತ್ರಾಂಶ) ಮತ್ತು ಪ್ರೋಗ್ರಾಮುಗಳನ್ನು ಹಿಂದೆ ಯಾವುದೋ ಒಂದು ದಿನ ಇದ್ದ ಸ್ಥಿತಿಗೆ ಒಯ್ಯುತ್ತದೆ. ಅದು ನಿಮ್ಮ ಲೇಖನ, ಫೋಟೋಗಳನ್ನು ಮುಟ್ಟುವುದಿಲ್ಲ. ಹಾಗೆಯೇ, ಅಳಿಸಿಹೋದ ಫೋಟೋವನ್ನು ಮರಳಿಸುವುದೂ ಇಲ್ಲ. ಮೊದಲು ಇದನ್ನೇ ಪ್ರಯತ್ನಿಸಬಹುದು, ಆದರೆ ಆ ಹಿಂದಿನ ಸ್ಥಿತಿಯ ದಾಖಲೆ, ಅಂದರೆ ರಿಸ್ಟೋರ್ ಪಾಯಿಂಟ್, ಮುಂಚೆಯೇ ಕಂಪ್ಯೂಟರಿನಲ್ಲಿ ಉಳಿಸಿರಬೇಕು. ಇಲ್ಲದಿದ್ದರೆ ವಿಂಡೋಸನ್ನು ಹೊಸದಾಗಿ ಹಾಕಿಕೊಳ್ಳುವ ‘ರೀಸೆಟ್’ನಲ್ಲಿ ಕಡತಗಳನ್ನು ಉಳಿಸಿಕೊಳ್ಳುವ ಆಯ್ಕೆಯಿದೆ, ಅದು ನೀವು ಹಾಕಿಕೊಂಡಿದ್ದ ಪ್ರೋಗ್ರಾಮುಗಳನ್ನು ತೆಗೆದುಹಾಕುತ್ತದೆ.

ನುಡಿಯೂ ಹೋಗುವುದು ಆಗಲೇ. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತವಿರುವ ವ್ಯವಸ್ಥೆ) ಅಲ್ಲದ ಹಳೆಯ ನುಡಿ ಕಡತಗಳಲ್ಲಿ ಕನ್ನಡದ ಅಕ್ಷರಭಾಗಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟಿತೆಂದು ಗಾಬರಿಯಾಗಿ ಅಳಿಸಿಬಿಟ್ಟವರಿದ್ದಾರೆ, ಅದು ಕೆಟ್ಟಿರುವುದಿಲ್ಲ. ಫಾಂಟ್ ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ. ಆದ್ದರಿಂದ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗಿರುವ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಫಾಂಟುಗಳನ್ನೂ ನಕಲು ಮಾಡಿಟ್ಟುಕೊಳ್ಳಿ. ಬಿಡುವಾದಾಗ ಲೇಖನಗಳನ್ನು ಯೂನಿಕೋಡಿಗೆ ಪರಿವರ್ತಿಸುವುದು ಒಳ್ಳೆಯದೇ, ಆದರೆ ಪರಿವರ್ತನೆಯಲ್ಲಿ ಒತ್ತಕ್ಷರಗಳೂ ಅರ್ಕಾವೊತ್ತೂ ಒಮ್ಮೊಮ್ಮೆ ತಪ್ಪುವುದರಿಂದ ಮೂಲವನ್ನು ಎಸೆಯಬೇಡಿ.

ಪೆನ್ ಡ್ರೈವ್ ಬಳಸುವುದಾದರೆ, ಅದರಲ್ಲಿ ಕಡತಗಳನ್ನು ಜೋಡಿಸಿಡುವ ವಿಧಾನ ಫ್ಯಾಟ್32 ಮಾದರಿಯದಾಗಿದ್ದರೆ 4 ಜಿಬಿಗಿಂತ ದೊಡ್ಡ ವಿಡಿಯೊ ಅದರೊಳಗೆ ಹೋಗದು. ಎಕ್ಸ್‌ಫ್ಯಾಟ್‌ನಲ್ಲಿ ಆ ತೊಂದರೆಯಿಲ್ಲ. ನಕಲು ಮುಗಿದ ಮೇಲೆ ಬೇರೊಂದು ಕಂಪ್ಯೂಟರಿನಲ್ಲಿ ನಾಲ್ಕಾರು ಕಡತಗಳನ್ನು ತೆರೆದು ನೋಡಿ, ಹೆಚ್ಚಿನವರು ಬಿಡುವುದು ಈ ಕೆಲಸವನ್ನೇ. ಫೋಟೋಗಳ ಇನ್ನೊಂದು ಪ್ರತಿ ಮಗನ ಮನೆಯಲ್ಲೋ ಕ್ಲೌಡ್‌ನಲ್ಲೋ ಇದ್ದರೆ ಇನ್ನೂ ಕ್ಷೇಮ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಫಾರ್ಮ್ಯಾಟ್ ಮಾಡಿಸುವುದೇ ಆದರೆ ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಒಗ್ಗುತ್ತದೆಯೇ ಎಂದು ವಿಚಾರಿಸಿ. ಹಳೆಯ ಡಿಸ್ಕನ್ನು ಬದಲಿಸಿದರೆ ಅದನ್ನು ಅಂಗಡಿಯಲ್ಲಿ ಬಿಡದೆ ಕೇಳಿ ಪಡೆಯಿರಿ. ಕಂಪ್ಯೂಟರನ್ನು ಅಂಗಡಿಗೆ ಒಯ್ಯುವ ದಿನ, ಬ್ಯಾಕಪ್ ಇರುವ ಡಿಸ್ಕ್ ಮನೆಯ ಬೀರುವಿನಲ್ಲೇ ಇರಲಿ.